ನಕಲಿಗೆ ಸಿಗದ ಕೀ ಡಿಸ್ಕ್: 720 ಕೆಬಿ ಫ್ಲಾಪಿಯಲ್ಲಿ ಗುರುತಿನ ಟ್ರ್ಯಾಕ್ ಬರೆಯುವ ವಿಧಾನ

ಕೆಲವು ಸಂಗತಿಗಳನ್ನು ಫ್ಲಾಪಿ ಡ್ರೈವ್ ಓದಬಲ್ಲದು, ಆದರೆ ಅದೇ ಕಂಪ್ಯೂಟರಿನ ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್) ಬರೆಯಲಾರದು. ಡಿಸ್ಕಿನ ನಕಲು ರಕ್ಷಣೆ ಪೂರ್ತಿಯಾಗಿ ನಿಂತಿರುವುದು ಅವುಗಳ ಮೇಲೆ. ಪ್ರೋಗ್ರಾಮಿನ ಫೈಲುಗಳನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ. ಆದರೆ ಪ್ರೋಗ್ರಾಮ್ ಶುರುವಾಗುವಾಗ ಡ್ರೈವಿನಲ್ಲಿರುವ ಡಿಸ್ಕ್ ಮೂಲವೋ ನಕಲೋ ಎಂದು ನೋಡುತ್ತದೆ. ಈ ಮೂಲ ಡಿಸ್ಕನ್ನೇ ಕೀ ಡಿಸ್ಕ್ ಎನ್ನುವುದು.

ಡಾಸ್ ಓಡುವ ಹಳೆಯ ಪಿಸಿಗಳಿಗೆ ಇಂದಿಗೂ ಪ್ರೋಗ್ರಾಮ್ ಬರೆದು ಫ್ಲಾಪಿಯಲ್ಲಿ ಕೊಡುವವರಿಗಾಗಿ ಈ ಬರಹ. ಉದಾಹರಣೆಗೆ ತೆಗೆದುಕೊಂಡಿರುವುದು 3.5 ಇಂಚಿನ ಡಬಲ್ ಡೆನ್ಸಿಟಿ, ಅಂದರೆ 720 ಕೆಬಿ ಡಿಸ್ಕ್. ಬೈಟ್ ಬೆಲೆಗಳನ್ನು ದಶಮಾನದಲ್ಲೇ ಕೊಟ್ಟಿದ್ದೇವೆ. ಹೆಕ್ಸ್ (ಹದಿನಾರರ ಎಣಿಕೆ) ಇದ್ದ ಕಡೆ ಹಾಗೆಂದು ಹೇಳಿದ್ದೇವೆ.

ಟ್ರ್ಯಾಕಿನ ಲೆಕ್ಕ ಮೊದಲು

720 ಕೆಬಿ ಡಿಸ್ಕಿನಲ್ಲಿ ಒಂದೊಂದು ಬದಿಗೆ 80 ಟ್ರ್ಯಾಕ್ (ವೃತ್ತಾಕಾರದ ಪಟ್ಟಿ), ಟ್ರ್ಯಾಕಿಗೆ 9 ಸೆಕ್ಟರ್ (ಪಟ್ಟಿಯ ತುಂಡು), ಸೆಕ್ಟರಿಗೆ 512 ಬೈಟ್. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಡೇಟಾ ವೇಗ ಸೆಕೆಂಡಿಗೆ 2,50,000 ಬಿಟ್. ಹಾಗಾಗಿ ಒಂದು ಟ್ರ್ಯಾಕಿನಲ್ಲಿ ಹಿಡಿಯುವುದು 6250 ಬೈಟ್, ಒಂದು ಬೈಟ್ ಹೆಡ್ಡಿನ (ಓದಿ ಬರೆಯುವ ತಲೆಯ) ಕೆಳಗೆ ಹಾದುಹೋಗಲು 32 ಮೈಕ್ರೋಸೆಕೆಂಡ್.

ಈ 6250ರಲ್ಲಿ ನಮ್ಮ ಡೇಟಾ ಬರೀ 4608. ಉಳಿದದ್ದು ಕಟ್ಟುಪಟ್ಟಿನ ಖರ್ಚು. ಟ್ರ್ಯಾಕಿನ ಆರಂಭಕ್ಕೆ 146 ಬೈಟ್. ಆಮೇಲೆ ಪ್ರತಿ ಸೆಕ್ಟರಿಗೆ ಸಿಂಕ್ (ಓದುವ ಲಯ ಹಿಡಿಸುವ ಬೈಟುಗಳು), ಗುರುತು ಮತ್ತು ವಿಳಾಸಕ್ಕೆ 22, ನಡುವಿನ ಗ್ಯಾಪ್ (ಡೇಟಾ ಇಲ್ಲದ ತೆರಪು) 22, ಮತ್ತೆ ಸಿಂಕ್ ಮತ್ತು ಡೇಟಾ ಗುರುತು 16, ಡೇಟಾ 512, ತಪ್ಪು ಪತ್ತೆಹಚ್ಚುವ ಸಿಆರ್‌ಸಿ ಸಂಖ್ಯೆ 2, ಸೆಕ್ಟರಿನ ನಂತರದ ಗ್ಯಾಪ್ 80. ಕೂಡಿಸಿದರೆ 654. ಒಂಬತ್ತು ಸೆಕ್ಟರಿಗೆ 5886, ಆರಂಭದ 146 ಸೇರಿಸಿ 6032. ಕೊನೆಗೆ 218 ಬೈಟಿನಷ್ಟು ಜಾಗ ಮಿಗುತ್ತದೆ. ಈ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತವೆ.

ಡಾಸ್‌ನ ಡಿಸ್ಕ್‌ಕಾಪಿ ಆದೇಶ ನೋಡುವುದು ಆ 512 ಬೈಟಿನ ಡೇಟಾ ಭಾಗಗಳನ್ನು ಮಾತ್ರ. ಗ್ಯಾಪ್ ಎಷ್ಟಿದೆ, ಸೆಕ್ಟರುಗಳ ನಡುವೆ ಎಷ್ಟು ಹೊತ್ತು ಹಿಡಿಯಿತು, ಅದೇ ಸೆಕ್ಟರನ್ನು ಎರಡು ಸಲ ಓದಿದರೆ ಒಂದೇ ಉತ್ತರ ಬಂತೇ ಎಂದು ಅದು ಕೇಳುವುದೇ ಇಲ್ಲ.

ಯಾವ ಗುರುತು ಆರಿಸಬೇಕು

ಸುಲಭದ ಗುರುತುಗಳು ಹಲವಿವೆ, ಅವುಗಳಲ್ಲಿ ಹೆಚ್ಚಿನವು ಉಪಯೋಗಕ್ಕಿಲ್ಲ. ಒಂದು ಟ್ರ್ಯಾಕಿನ ಸೆಕ್ಟರುಗಳಿಗೆ 1ರಿಂದ 9ರ ಬದಲು 193, 194 ಎಂಬಂಥ ಸಂಖ್ಯೆ ಕೊಡಬಹುದು. ಒಂದೇ ಸಂಖ್ಯೆಯ ಎರಡು ಸೆಕ್ಟರ್ ಇಡಬಹುದು. ಡೇಟಾ ಗುರುತು 251ರ ಬದಲು ‘ಅಳಿಸಿದ ಡೇಟಾ’ ಎಂಬರ್ಥದ 248 ಬರೆಯಬಹುದು. ಸೆಕ್ಟರಿನ ಉದ್ದ 8192 ಬೈಟ್ ಎಂದು ವಿಳಾಸದಲ್ಲಿ ಬರೆದರೆ ಆ ಸೆಕ್ಟರ್ 6250 ಬೈಟಿನ ಟ್ರ್ಯಾಕಿನೊಳಗೆ ಹಿಡಿಯುವುದೇ ಇಲ್ಲ, ಓದಿದಾಗಲೆಲ್ಲ ಸಿಆರ್‌ಸಿ ದೋಷ ಬರುತ್ತದೆ. ಇವೆಲ್ಲ ಡಿಸ್ಕ್‌ಕಾಪಿಯನ್ನು ನಿಲ್ಲಿಸುತ್ತವೆ, ನಿಜ. ಆದರೆ ಇವನ್ನು ನೀವು ಬರೆಯುವುದು ಪಿಸಿಯ ಸಾಮಾನ್ಯ ಕಂಟ್ರೋಲರಿನಿಂದಲೇ. ನಿಮಗೆ ಬರೆಯಲು ಬಂದದ್ದು ನಕಲು ಮಾಡುವವನಿಗೂ ಬರುತ್ತದೆ. 1980ರ ದಶಕದ ಕಾಪಿ ಟು ಪಿಸಿಯಂಥ ನಕಲು ಪ್ರೋಗ್ರಾಮುಗಳು ಎದ್ದು ನಿಂತದ್ದು ಇಂಥ ಗುರುತುಗಳ ಮೇಲೆಯೇ.

ಡಿಸ್ಕಿನ ಮೈಗೇ ಗಾಯ ಮಾಡುವುದು ಇನ್ನೊಂದು ದಾರಿ. ಗಾಯವಾದ ಜಾಗಕ್ಕೆ ಪ್ರೋಗ್ರಾಮ್ ಏನನ್ನಾದರೂ ಬರೆದು ಓದಿ ನೋಡುತ್ತದೆ. ಬರೆದದ್ದು ನಿಲ್ಲದಿದ್ದರೆ ಡಿಸ್ಕ್ ಮೂಲದ್ದು. ವಾಲ್ಟ್ ಕಾರ್ಪೊರೇಷನ್‌ನ ಪ್ರೋಲಾಕ್ ಡಿಸ್ಕುಗಳಲ್ಲಿದ್ದದ್ದು ಇಂಥ ಗುರುತು. ಅದನ್ನು ನಕಲು ಮಾಡುವ ಗೋಜಿಗೇ ಹೋಗದೆ ಕ್ವೈಡ್ ಸಾಫ್ಟ್‌ವೇರ್‌ನವರ ರಾಮ್‌ಕೀ ಎಂಬ ಅಂಗ, ಗುರುತು ಡಿಸ್ಕಿನಲ್ಲಿ ಇದೆಯೆಂದೇ ಪ್ರೋಗ್ರಾಮನ್ನು ನಂಬಿಸಿತು. ವ್ಯಾಜ್ಯ ಅಮೆರಿಕದ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 1988ರಲ್ಲಿ ಕ್ವೈಡ್ ಪರವಾಗಿ ತೀರ್ಪಾಯಿತು. ಗುರುತು ಎಷ್ಟು ಗಟ್ಟಿಯಾಗಿದ್ದರೂ ಅದನ್ನು ನೋಡುವ ಕಣ್ಣು ಮೋಸಹೋದರೆ ಏನೂ ಉಳಿಯುವುದಿಲ್ಲ. ಐದನೇ ಹೆಜ್ಜೆಗೆ ಬಂದಾಗ ಇದು ನೆನಪಿರಲಿ.

ನಾವು ಶಿಫಾರಸು ಮಾಡುವುದು ಎರಡು ಗುರುತುಗಳನ್ನು ಒಟ್ಟಿಗೆ: ಪ್ರತಿ ಸಲ ಬೇರೆ ಬೇರೆಯಾಗಿ ಓದಿಸಿಕೊಳ್ಳುವ ‘ತೂಗಾಡುವ ಬಿಟ್’, ಮತ್ತು ಎರಡು ಸೆಕ್ಟರುಗಳ ನಡುವೆ ಅಳತೆ ಮಾಡಿ ಇಟ್ಟ ದೊಡ್ಡ ಗ್ಯಾಪ್. ಮೊದಲನೆಯದನ್ನು ಪಿಸಿಯ ಕಂಟ್ರೋಲರ್ ಬರೆಯಲಾರದು. ಎರಡನೆಯದು ಅದಕ್ಕೆ ಜೊತೆಗಾರ.

ಹೆಜ್ಜೆ 1: ಜಾಗ ಕಾಯ್ದಿರಿಸುವುದು

ಗುರುತನ್ನು ಕೊನೆಯ 79ನೇ ಟ್ರ್ಯಾಕಿಗೆ (ಎಣಿಕೆ 0ಯಿಂದ) ಹಾಕುವುದು ಬಹಳ ಜನರ ರೂಢಿ. ಹಾಗೆ ಮಾಡಬೇಡಿ. ಒಳಗಿನ ಟ್ರ್ಯಾಕುಗಳ ಸುತ್ತಳತೆ ಕಡಿಮೆ, ಬಿಟ್‌ಗಳು ಒತ್ತೊತ್ತಾಗಿರುತ್ತವೆ, ಒಂದರ ಪಕ್ಕದ ಇನ್ನೊಂದು ಕಾಂತೀಯ ತಿರುವು ಪರಸ್ಪರ ತಳ್ಳಿಕೊಂಡು ಕಾಲ ಸರಿಯುತ್ತದೆ. ನಮ್ಮ ಗುರುತು ನಿಂತಿರುವುದೇ ಕಾಲದ ನಿಖರತೆಯ ಮೇಲೆ. 80ನೇ ಟ್ರ್ಯಾಕಿಗೆ ಹೋಗುವುದೂ ಬೇಡ, ಎಲ್ಲ ಡ್ರೈವುಗಳೂ ಅಲ್ಲಿಯವರೆಗೆ ಹೆಡ್ ಸರಿಸುತ್ತವೆ ಎಂಬ ಭರವಸೆಯಿಲ್ಲ. ನಡುವಿನ 40ನೇ ಟ್ರ್ಯಾಕ್ ಒಳ್ಳೆಯದು.

ಆ ಜಾಗಕ್ಕೆ ಡಾಸ್ ಫೈಲ್ ಬರೆಯದಂತೆ ಫ್ಯಾಟ್‌ನಲ್ಲಿ (ಡಿಸ್ಕಿನ ಯಾವ ಜಾಗ ಯಾವ ಫೈಲಿಗೆ ಎಂಬ ಪಟ್ಟಿಯಲ್ಲಿ) ಅದನ್ನು ಕೆಟ್ಟ ಜಾಗವೆಂದು ಗುರುತಿಸಬೇಕು. 720 ಕೆಬಿ ಡಿಸ್ಕಿನಲ್ಲಿ ಬೂಟ್ ಸೆಕ್ಟರ್ 1, ಮೂರು ಮೂರು ಸೆಕ್ಟರಿನ ಎರಡು ಫ್ಯಾಟ್, ಮೂಲ ಡೈರೆಕ್ಟರಿ 7, ಒಟ್ಟು 14 ಸೆಕ್ಟರ್ ಕಳೆದು ಡೇಟಾ ಶುರು. ಡಾಸ್ ಜಾಗ ಹಂಚುವ ಘಟಕವಾದ ಕ್ಲಸ್ಟರಿಗೆ ಎರಡು ಸೆಕ್ಟರ್. 40ನೇ ಟ್ರ್ಯಾಕಿನ ಎರಡೂ ಬದಿ ಸೇರಿ 720ರಿಂದ 737ರವರೆಗಿನ 18 ಸೆಕ್ಟರ್, ಅಂದರೆ 355ರಿಂದ 363ರವರೆಗಿನ ಒಂಬತ್ತು ಕ್ಲಸ್ಟರ್.

ಫ್ಯಾಟ್‌ನ ಎರಡನೇ ಸೆಕ್ಟರ್ ತೆರೆಯಿರಿ, ಬೈಟ್‌ಗಳನ್ನು 0ಯಿಂದ ಎಣಿಸಿ. 20ನೇ ಬೈಟಿಗೆ 112, 21ನೇ ಬೈಟಿಗೆ 255. ಆಮೇಲೆ 22ರಿಂದ 33ರವರೆಗೆ 247, 127, 255 ಎಂಬ ಮೂರನ್ನು ನಾಲ್ಕು ಸಲ. 20ನೇ ಬೈಟಿನ ಅರ್ಧ ಭಾಗ 354ನೇ ಕ್ಲಸ್ಟರಿಗೆ ಸೇರಿದ್ದು, ಆದ್ದರಿಂದ ಈ ಬೆಲೆ ಸರಿಹೋಗುವುದು ಡಿಸ್ಕ್ ಖಾಲಿ ಇದ್ದಾಗ ಮಾತ್ರ. ಫಾರ್ಮ್ಯಾಟ್ ಮಾಡಿದ ತಕ್ಷಣ ಇದನ್ನು ಮುಗಿಸಿ, ಫೈಲುಗಳನ್ನು ಆಮೇಲೆ ಹಾಕಿ. ಎರಡನೇ ಫ್ಯಾಟ್‌ನಲ್ಲೂ ಇದನ್ನೇ ಬರೆಯಬೇಕು, ಮರೆತರೆ ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಮುಗಳು ಎರಡು ಫ್ಯಾಟ್ ಹೊಂದುತ್ತಿಲ್ಲವೆಂದು ದೂರುತ್ತವೆ. ಕೊನೆಗೆ ಚೆಕ್‌ಡಿಸ್ಕ್ ಓಡಿಸಿದರೆ ಕೆಟ್ಟ ಸೆಕ್ಟರುಗಳಲ್ಲಿ 9,216 ಬೈಟ್ ಎಂದು ತೋರಿಸಬೇಕು. ಬೇರೆ ಸಂಖ್ಯೆ ಬಂದರೆ ಎಲ್ಲೋ ಒಂದು ಬೈಟ್ ತಪ್ಪಿದೆ.

ಹೆಜ್ಜೆ 2: ಗುರುತಿನ ಟ್ರ್ಯಾಕಿನ ವಿನ್ಯಾಸ

ಗುರುತು ಹೋಗುವುದು 40ನೇ ಟ್ರ್ಯಾಕಿನ 1ನೇ ಹೆಡ್ಡಿಗೆ. 0ನೇ ಹೆಡ್ಡಿನ ಬದಿ ಮಾಮೂಲಿ ಒಂಬತ್ತು ಸೆಕ್ಟರಿನದಾಗಿಯೇ ಇರಲಿ. ಡ್ರೈವ್ ಆ ಭಾಗವನ್ನು ಸರಿಯಾಗಿ ಓದುತ್ತಿದೆಯೇ ಎಂದು ತಿಳಿಯಲು ಅದು ಬೇಕು.

1ನೇ ಹೆಡ್ಡಿನಲ್ಲಿ ಎಂಟೇ ಸೆಕ್ಟರ್, ಸಂಖ್ಯೆ 1ರಿಂದ 8. ಮೂರನೇ ಸೆಕ್ಟರಿನ ನಂತರ ಮಾಮೂಲಿ 80 ಬೈಟ್ ಗ್ಯಾಪಿನ ಜೊತೆ ಇನ್ನೂ 400 ಬೈಟ್ ಗ್ಯಾಪ್. ಗ್ಯಾಪ್ ತುಂಬುವ ಬೈಟ್ 78. ಒಟ್ಟು 146, ಎಂಟು ಸೆಕ್ಟರಿನ 5232, ಮತ್ತೆ 400, ಸೇರಿ 5778. ಮಿಕ್ಕ 472 ಬೈಟ್ ಟ್ರ್ಯಾಕಿನ ಕೊನೆಯಲ್ಲಿ ಖಾಲಿ. ಇಷ್ಟು ಮಿಗಿಸಿಕೊಳ್ಳಲು ಕಾರಣವಿದೆ. ಬರವಣಿಗೆ ಶುರುವಾದ ಮತ್ತು ಮುಗಿದ ತುದಿಗಳು ಸೇರುವ ಜಾಗದಲ್ಲಿ ಕಸ ಬೀಳುತ್ತದೆ, ಆ ಹೊಲಿಗೆ ಈ ಖಾಲಿಯಲ್ಲೇ ಬೀಳಬೇಕು.

ತೂಗಾಡುವ ಬಿಟ್ ಇರುವುದು ಐದನೇ ಸೆಕ್ಟರಿನಲ್ಲಿ. ಅದರ 0ಯಿಂದ 63ರವರೆಗಿನ ಬೈಟುಗಳಲ್ಲಿ ನಿಮ್ಮ ಉತ್ಪನ್ನದ ಗುಪ್ತ ಕೀ. 64ರಿಂದ 95ರವರೆಗಿನ 32 ಬೈಟ್ ಸೊನ್ನೆ. 96ರಿಂದ 511ರವರೆಗೆ ನಿಮಗೆ ಮೊದಲೇ ಗೊತ್ತಿರುವ ಯಾವುದಾದರೂ ವಿನ್ಯಾಸ, ಆದರೆ ಪುನರಾವರ್ತನೆಯಾಗದಂಥದ್ದು.

ಹೆಜ್ಜೆ 3: ಬಿಟ್‌ಗಳನ್ನು ತೂಗಾಡಿಸುವುದು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹೆಜ್ಜೆ ಇದು.

ಡಿಸ್ಕಿನ ಮೇಲೆ ಇರುವುದು ಕಾಂತೀಯ ದಿಕ್ಕಿನ ತಿರುವುಗಳು. ಬಿಟ್‌ಗಳನ್ನು ತಿರುವುಗಳಾಗಿಸುವ ಎಂಎಫ್‌ಎಂ ಎಂಬ ಪದ್ಧತಿಯಲ್ಲಿ, ಈ ವೇಗದಲ್ಲಿ, ಒಂದು ತಿರುವಿನಿಂದ ಮುಂದಿನದಕ್ಕೆ 4, 6 ಅಥವಾ 8 ಮೈಕ್ರೋಸೆಕೆಂಡ್ ಅಂತರ ಮಾತ್ರ ಇರಬಹುದು. ಓದುವ ಸರ್ಕ್ಯೂಟ್ ಪ್ರತಿ ಅಂತರವನ್ನೂ ಈ ಮೂರರಲ್ಲಿ ಹತ್ತಿರದ ಒಂದಕ್ಕೆ ಹೊಂದಿಸುತ್ತದೆ. ಹಾಗಾದರೆ 5 ಮೈಕ್ರೋಸೆಕೆಂಡ್ ಅಂತರ ಕೊಟ್ಟರೆ? ಅದು ನಾಲ್ಕಕ್ಕೂ ಆರಕ್ಕೂ ಸಮ ದೂರ. ಮೋಟಾರಿನ ಸಣ್ಣ ನಡುಕ, ಸಿಗ್ನಲಿನ ಗದ್ದಲ ಯಾವ ಕಡೆ ತಳ್ಳುತ್ತದೋ ಆ ಕಡೆ ಬೀಳುತ್ತದೆ. ಮುಂದಿನ ಸುತ್ತಿನಲ್ಲಿ ಇನ್ನೊಂದು ಕಡೆ.

ಒಂದೇ ಒಂದು 5 ಇಟ್ಟರೆ ಅದರ ನಂತರದ ಬಿಟ್‌ಗಳೆಲ್ಲ ಅರ್ಧ ಹೆಜ್ಜೆ ಜಾರಬಹುದು. ಆದ್ದರಿಂದ ಜೋಡಿಯಾಗಿ ಇಡಬೇಕು: 5 ಮತ್ತು 5. ನಡುವಿನ ತಿರುವು ಬೇಗ ಬಂದಂತೆ ಕಂಡರೆ 4 ಮತ್ತು 6, ತಡವಾಗಿ ಕಂಡರೆ 6 ಮತ್ತು 4. ಎರಡೂ ಸಂದರ್ಭದಲ್ಲಿ ಮೊತ್ತ 10, ನಂತರದ ಬೈಟುಗಳು ಕದಲುವುದಿಲ್ಲ.

ಸೊನ್ನೆ ಬೈಟುಗಳನ್ನು ಆರಿಸಿಕೊಂಡದ್ದು ಈ ಲೆಕ್ಕಕ್ಕಾಗಿಯೇ. ಎಂಎಫ್‌ಎಂನಲ್ಲಿ ಸೊನ್ನೆಗಳ ಸಾಲು ಎಂದರೆ ಪ್ರತಿ 4 ಮೈಕ್ರೋಸೆಕೆಂಡಿಗೆ ಒಂದು ತಿರುವು. 32 ಬೈಟಿಗೆ 256 ಅಂತರ, ಒಟ್ಟು 1024 ಮೈಕ್ರೋಸೆಕೆಂಡ್. ಅದರ ಜಾಗದಲ್ಲಿ 5–5ರ 102 ಜೋಡಿ ಹಾಕಿದರೆ 1020, ಕೊನೆಗೊಂದು 4 ಸೇರಿಸಿದರೆ ಸರಿಯಾಗಿ 1024.

ಇದನ್ನು ಬರೆಯಲು ತಿರುವುಗಳ ಮಟ್ಟದಲ್ಲಿ ಕೆಲಸ ಮಾಡುವ ಉಪಕರಣ ಬೇಕು. ಗ್ರೀಸ್‌ವೀಝಲ್ ಸಾಕು: ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಬೋರ್ಡ್, ಅದಕ್ಕೆ 34 ಪಿನ್ನಿನ ಕೇಬಲ್ಲಿನಿಂದ ಮಾಮೂಲಿ ಫ್ಲಾಪಿ ಡ್ರೈವ್ ಜೋಡಿಸಬೇಕು. ನಿಮ್ಮ 7,37,280 ಬೈಟಿನ ಡಿಸ್ಕ್ ಇಮೇಜನ್ನು ಎಸ್‌ಸಿಪಿ ಮಾದರಿಯ ಫೈಲಿಗೆ ಪರಿವರ್ತಿಸಿ. ಆ ಫೈಲಿನಲ್ಲಿ ಪ್ರತಿ ಅಂತರವೂ 16 ಬಿಟ್ಟಿನ ಒಂದು ಸಂಖ್ಯೆ, ದೊಡ್ಡ ಬೈಟ್ ಮೊದಲು, ಅಳತೆಯ ಮಾನ 25 ನ್ಯಾನೋಸೆಕೆಂಡ್. ಹಾಗಾಗಿ 4 ಮೈಕ್ರೋಸೆಕೆಂಡ್ 160, 6ಕ್ಕೆ 240, 8ಕ್ಕೆ 320. ನಮ್ಮ 5ಕ್ಕೆ 200.

40ನೇ ಟ್ರ್ಯಾಕ್, 1ನೇ ಹೆಡ್ ಎಂದರೆ ಈ ಫೈಲಿನ 81ನೇ ಟ್ರ್ಯಾಕ್. ಹೆಜ್ಜೆ 2ರ ವಿನ್ಯಾಸದಿಂದ ಆ ಟ್ರ್ಯಾಕಿನ ತಿರುವುಗಳನ್ನು ಸೃಷ್ಟಿಸಲು ಒಂದು ಸಣ್ಣ ಪ್ರೋಗ್ರಾಮ್ ಬರೆಯಬೇಕಾಗುತ್ತದೆ. ಅದರಲ್ಲಿ ಸಿಂಕ್‌ನ ನಂತರ ಬರುವ ಮೂರು 161 ಬೈಟುಗಳನ್ನು ಒಂದು ಗಡಿಯಾರ ತಿರುವು ಬಿಟ್ಟು ಬರೆಯಬೇಕೆಂಬುದನ್ನು ಮರೆಯಬೇಡಿ. ಆ ಬಿಟ್ಟುಹೋದ ತಿರುವಿನಿಂದಲೇ ಕಂಟ್ರೋಲರ್ ಸೆಕ್ಟರಿನ ಆರಂಭವನ್ನು ಗುರುತಿಸುವುದು. ಐದನೇ ಸೆಕ್ಟರಿನ 64ನೇ ಬೈಟಿನಿಂದ 160ರ ಸಾಲು ಶುರುವಾಗುತ್ತದೆ, ಅಲ್ಲಿನ 256 ಸಂಖ್ಯೆ ತೆಗೆದು ಜೋಡಿಗಳನ್ನು ಇಡಿ.

ಎಲ್ಲ ಜೋಡಿಗಳನ್ನೂ 200–200 ಎಂದೇ ಇಡಬೇಡಿ. ಪ್ರತಿ ಡ್ರೈವಿನ ಸರ್ಕ್ಯೂಟಿನ ನಡುಗೆರೆ ಸ್ವಲ್ಪ ಆಚೀಚೆ ಇರುತ್ತದೆ. ಒಂದು ಡ್ರೈವಿನಲ್ಲಿ ಚೆನ್ನಾಗಿ ತೂಗಾಡುವ ಬಿಟ್ ಇನ್ನೊಂದರಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ. 191–209ರಿಂದ ಶುರುಮಾಡಿ, ಒಂದೊಂದೇ ಸರಿಸುತ್ತ 209–191ರವರೆಗೆ ಬನ್ನಿ. ಹೀಗೆ 19 ಬೆಲೆಗಳಾದವು. ಒಂದೊಂದನ್ನೂ ಐದು ಸಲ ಬರೆದರೆ 95 ಜೋಡಿ, ಮಿಕ್ಕ ಏಳು 200–200. ಯಾವ ಡ್ರೈವ್ ಆದರೂ ಈ ಹಾದಿಯಲ್ಲಿ ಎಲ್ಲೋ ಒಂದು ಕಡೆ ತೂಗಾಡಲೇಬೇಕು. ಕೊನೆಯ 160 ಸೇರಿ ಮೊತ್ತ 40,960 ಬಂತೇ ನೋಡಿ. ಒಂದು ಮಾನ ತಪ್ಪಿದರೂ ಆ ಜೋಡಿಯನ್ನು ಮತ್ತೆ ಎಣಿಸಿ. ಕೊನೆಯಲ್ಲಿ ಎಸ್‌ಸಿಪಿ ಫೈಲಿನ ತಲೆಭಾಗದ ಮೊತ್ತದ ಸಂಖ್ಯೆಯನ್ನು (ಚೆಕ್‌ಸಮ್) ಹೊಸದಾಗಿ ಲೆಕ್ಕಹಾಕಿ ಬರೆಯಬೇಕು.

ತಿರುವೇ ಇಲ್ಲದ ಖಾಲಿ ಜಾಗ ಬಿಡುವ ಇನ್ನೊಂದು ಪದ್ಧತಿಯಿದೆ. ಸಿಗ್ನಲ್ ಸಿಗದ ಓದು ಆಂಪ್ಲಿಫಯರ್ ತನ್ನ ವರ್ಧನೆ ಏರಿಸಿಕೊಂಡು ಬರೀ ಗದ್ದಲವನ್ನು ಬಿಟ್ ಎಂದು ಕೊಡುತ್ತದೆ. ಗ್ರೀಸ್‌ವೀಝಲ್‌ನಂಥ ಉಪಕರಣದಿಂದಲೇ ನಕಲು ಮಾಡುವವನಿಗೆ ಇದು ಹೆಚ್ಚು ಕಷ್ಟ, ಏಕೆಂದರೆ ಅವನು ಒಂದು ಸಲ ಓದಿದ ಗದ್ದಲ ನಕಲಿನಲ್ಲಿ ಗಟ್ಟಿ ತಿರುವುಗಳಾಗಿ ಕೂತುಬಿಡುತ್ತದೆ. 5–5 ಜೋಡಿಯಾದರೋ ಅಂಥ ನಕಲಿನಲ್ಲೂ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಆದರೆ ಖಾಲಿ ಜಾಗ ದಾಟುವಷ್ಟರಲ್ಲಿ ಓದುವ ಸರ್ಕ್ಯೂಟ್ ಲಯ ತಪ್ಪಿ, ನಂತರದ ಬೈಟುಗಳೆಲ್ಲ ಸರಿದು ಬರುತ್ತವೆ. ಆಗ ‘ಡಿಸ್ಕ್ ಸರಿಯಾಗಿ ಓದಿತೇ’ ಎಂದು ಹೇಳಲು ಸಾಕ್ಷಿಯೇ ಇರುವುದಿಲ್ಲ. ಆ ಸಾಕ್ಷಿ ನಮಗೆ ಹೆಚ್ಚು ಮುಖ್ಯ. ತಿರುವಿನ ಮಟ್ಟದ ಉಪಕರಣ ಹಿಡಿದು ಕೂತ ನಿಪುಣನನ್ನು ತಡೆಯುವ ಆಸೆಗೆ ನಿಜವಾಗಿ ಕೊಂಡವರನ್ನು ಬಲಿಕೊಡುವುದು ಸರಿಯಲ್ಲ.

ಹೆಜ್ಜೆ 4: ಡಿಸ್ಕಿಗೆ ಇಳಿಸುವುದು

ಡಬಲ್ ಡೆನ್ಸಿಟಿ ಡಿಸ್ಕುಗಳನ್ನೇ ಬಳಸಿ. 1.44 ಎಂಬಿಯ ಡಿಸ್ಕಿನ ತೂತಿಗೆ ಟೇಪ್ ಅಂಟಿಸಿ ಬಳಸಿದರೆ ಮೊದಲ ದಿನ ಓದಬಹುದು. ಆದರೆ ಅದರ ಲೇಪನಕ್ಕೆ ಬೇರೆ ಬಲದ ಬರವಣಿಗೆ ಬೇಕು, ತಿರುವುಗಳು ಸ್ವಚ್ಛವಾಗಿ ನಿಲ್ಲುವುದಿಲ್ಲ. ಟೇಪ್ ಇಲ್ಲದೆ ಇನ್ನೊಂದು ಡ್ರೈವಿಗೆ ಹಾಕಿದರೆ ಆ ಡ್ರೈವ್ ಅದನ್ನು 1.44 ಎಂದೇ ತಿಳಿಯುತ್ತದೆ. ಬರೆಯುವ ಮೊದಲು ಡಿಸ್ಕನ್ನು ಪೂರ್ತಿ ಅಳಿಸಿ, ಹಳೆಯ ಬರವಣಿಗೆಯ ಅಂಚು ಉಳಿದರೆ ತೂಗಾಡುವ ಭಾಗದಲ್ಲಿ ಅದೇ ಕೇಳಿಸುತ್ತದೆ.

5.25 ಇಂಚಿನ 360 ಕೆಬಿ ಡಿಸ್ಕಿಗೆ ಇದೇ ಕೆಲಸ ಮಾಡುವವರು 40 ಟ್ರ್ಯಾಕಿನ ಡ್ರೈವಿನಲ್ಲೇ ಬರೆಯಬೇಕು. 80 ಟ್ರ್ಯಾಕಿನ ಡ್ರೈವ್ ಬರೆಯುವ ಗೆರೆ ಸಪೂರ, 40 ಟ್ರ್ಯಾಕಿನ ಅಗಲ ಹೆಡ್ ಅದರ ಜೊತೆಗೆ ಪಕ್ಕದ ಹಳೆಯ ಕಸವನ್ನೂ ಓದುತ್ತದೆ.

ಬರೆದಾದ ಮೇಲೆ ಡಿಸ್ಕಿನ ರೈಟ್ ಪ್ರೊಟೆಕ್ಟ್ ಕಿಟಕಿ ತೆರೆದಿಟ್ಟು ಪೆಟ್ಟಿಗೆಗೆ ಹಾಕಿ.

ಹೆಜ್ಜೆ 5: ಪರೀಕ್ಷಿಸುವ ಕೋಡ್

ಬಯಾಸ್‌ನ (ಪಿಸಿಯೊಳಗೇ ಇರುವ ಮೂಲ ಪ್ರೋಗ್ರಾಮಿನ) ಹೆಕ್ಸ್ 13 ಇಂಟರಪ್ಟ್ (ಅದನ್ನು ಕರೆಯುವ ದಾರಿ) ಮೂಲಕ ಸೆಕ್ಟರ್ ಓದುವುದು ಸುಲಭ, ಆದರೆ ಮೆಮೊರಿಯಲ್ಲಿ ಕೂತ ಪುಟ್ಟ ಪ್ರೋಗ್ರಾಮೊಂದು ಆ ಇಂಟರಪ್ಟನ್ನು ಹಿಡಿದು ಬೇಕಾದ ಉತ್ತರ ಕೊಡಬಲ್ಲದು. ಆದ್ದರಿಂದ ಕಂಟ್ರೋಲರಿನೊಂದಿಗೆ ನೇರವಾಗಿ ಮಾತಾಡಿ. ಪಿಸಿಯಲ್ಲಿರುವುದು ಎನ್‌ಇಸಿ 765 ಅಥವಾ ಅದಕ್ಕೆ ಹೊಂದುವ ಚಿಪ್. ಹೆಕ್ಸ್‌ನಲ್ಲಿ 3ಎಫ್2 ಪೋರ್ಟ್ ಮೋಟಾರಿಗೆ, 3ಎಫ್4 ಸ್ಥಿತಿ ತಿಳಿಯಲು, 3ಎಫ್5 ಆದೇಶ ಮತ್ತು ಉತ್ತರಕ್ಕೆ.

3ಎಫ್2ಗೆ 28 ಬರೆದು ಮೊದಲ ಡ್ರೈವಿನ ಮೋಟಾರ್ ಶುರುಮಾಡಿ, ಅರ್ಧ ಸೆಕೆಂಡ್ ಕಾಯಿರಿ. 1.44 ಎಂಬಿ ಡ್ರೈವ್ ಇರುವ ಪಿಸಿಯಲ್ಲಿ 3ಎಫ್7ಗೆ 2 ಬರೆದು ವೇಗವನ್ನು 2,50,000 ಬಿಟ್‌ಗೆ ಇಳಿಸಬೇಕು. ಇದನ್ನು ಬಿಟ್ಟರೆ ಒಂದು ವಿಳಾಸವೂ ಸಿಗುವುದಿಲ್ಲ. ಹೆಡ್ಡನ್ನು 0ಗೆ ತಂದು (ಆದೇಶ 7), 40ಕ್ಕೆ ಸರಿಸಿ (ಆದೇಶ 15), ಪ್ರತಿ ಸಲ ಆದೇಶ 8ರಿಂದ ಸ್ಥಿತಿ ಕೇಳಿ. ಆಮೇಲೆ ಓದುವ ಆದೇಶದ ಒಂಬತ್ತು ಬೈಟ್: 70, 4, 40, 1, 5, 2, 5, 27, 255. ಐದನೇ ಸೆಕ್ಟರ್ ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಗೆ ಸಾಗಿಸುವ ವ್ಯವಸ್ಥೆ) ಬಫರಿಗೆ ಬರುತ್ತದೆ. ಬಫರ್ 64 ಕೆಬಿ ಗಡಿ ದಾಟದಂತೆ ಇಡಿ, ಇಲ್ಲದಿದ್ದರೆ ಡಿಎಂಎ ಸುತ್ತಿಕೊಂಡು ಬೇರೆ ಜಾಗದ ಮೇಲೆ ಬರೆಯುತ್ತದೆ.

ಮೂಲ ಡಿಸ್ಕಿನಲ್ಲಿ ಈ ಓದು ಸಿಆರ್‌ಸಿ ದೋಷದಿಂದ ಮುಗಿಯುತ್ತದೆ, ಎರಡನೇ ಮತ್ತು ಮೂರನೇ ಸ್ಥಿತಿ ಬೈಟುಗಳೆರಡರಲ್ಲೂ 32ರ ಬಿಟ್ ಏರಿರುತ್ತದೆ. ಗಾಬರಿ ಬೇಡ. ಕಂಟ್ರೋಲರ್ ಸಿಆರ್‌ಸಿ ನೋಡುವುದು 512 ಬೈಟ್ ಕೊಟ್ಟಾದ ಮೇಲೆ, ಡೇಟಾ ಬಫರಿನಲ್ಲಿ ಇದ್ದೇ ಇರುತ್ತದೆ.

ಹೀಗೆ ಎಂಟು ಸಲ ಓದಿ. ಪ್ರತಿ ಓದನ್ನೂ ಮೊದಲು ಸೋಸಬೇಕು: 0–63 ಮತ್ತು 96–511ರ ಬೈಟುಗಳು ನಿಮಗೆ ಗೊತ್ತಿರುವಂತೆಯೇ ಬಂದಿದ್ದರೆ ಮಾತ್ರ ಆ ಓದು ಲೆಕ್ಕಕ್ಕೆ. ಧೂಳು, ಕೊಳಕು ಹೆಡ್, ಜಾರಿದ ಬಿಟ್, ಇವೆಲ್ಲ ಇಲ್ಲೇ ಹೊರಬೀಳುತ್ತವೆ. ಉಳಿದ ಓದುಗಳಲ್ಲಿ 64–95ರ ಭಾಗವನ್ನು ಅಕ್ಕಪಕ್ಕ ಇಟ್ಟು ನೋಡಿ. ಮೂಲದಲ್ಲಿ ಒಂದು ಓದಿಗೂ ಇನ್ನೊಂದಕ್ಕೂ ಹಲವು ಬೈಟುಗಳು ಬೇರೆ ಇರುತ್ತವೆ. ನಕಲಿನಲ್ಲಿ ಎಂಟೂ ಓದು ಒಂದೇ ಅಚ್ಚು. ನಕಲು ಪ್ರೋಗ್ರಾಮ್ ಒಂದು ಸಲ ಓದಿದ್ದನ್ನು ಕಂಟ್ರೋಲರ್ 4, 6, 8ರ ಗಟ್ಟಿ ಅಂತರಗಳಲ್ಲಿ ಬರೆದಿರುತ್ತದೆ, ಅದು ಇನ್ನು ಕದಲದು.

ತೀರ್ಪು ಎರಡಲ್ಲ, ಮೂರು ಇರಬೇಕು. ಐದಕ್ಕಿಂತ ಹೆಚ್ಚು ಅಥವಾ ಐದೇ ಓದು ಸೋಸಿ ಉಳಿದು, ಅವುಗಳಲ್ಲಿ ಕನಿಷ್ಠ ಮೂರು ಬೈಟ್ ಸ್ಥಾನಗಳು ಬದಲಾದರೆ: ಮೂಲ. ಅಷ್ಟೇ ಓದು ಉಳಿದು ಏನೂ ಬದಲಾಗದಿದ್ದರೆ: ನಕಲು. ಇವೆರಡೂ ಅಲ್ಲದ್ದೆಲ್ಲ, ಅಂದರೆ ಐದು ಓದು ಉಳಿಯದಿದ್ದರೂ ಒಂದೆರಡೇ ಸ್ಥಾನ ಬದಲಾದರೂ: ಹೇಳಲಾಗದು. ಮೂರನೆಯದನ್ನು ‘ನಕಲು’ ಎಂದು ತಿಳಿದು ಬಾಗಿಲು ಮುಚ್ಚುವ ಪ್ರೋಗ್ರಾಮುಗಳೇ ಈ ವಿದ್ಯೆಗೆ ಕೆಟ್ಟ ಹೆಸರು ತಂದದ್ದು. ಅಲ್ಲಿ ತೋರಿಸಬೇಕಾದ ಮಾತು: ‘ಡಿಸ್ಕ್ ಸರಿಯಾಗಿ ಓದಲಾಗುತ್ತಿಲ್ಲ. ಹೆಡ್ ಸ್ವಚ್ಛಮಾಡಿ ಇನ್ನೊಮ್ಮೆ ಪ್ರಯತ್ನಿಸಿ.’

ಹೆಜ್ಜೆ 6: ಗ್ಯಾಪಿನ ಕಾಲ ಅಳೆಯುವುದು

ಆದೇಶ 74 ಮತ್ತು 4 ಕೊಟ್ಟರೆ ಕಂಟ್ರೋಲರ್ ಮುಂದೆ ಸಿಕ್ಕ ವಿಳಾಸವನ್ನು ಓದಿ ತಿಳಿಸುತ್ತದೆ. ಇದನ್ನೇ ಬಿಡದೆ ಕೇಳುತ್ತ, 2, 3, 4ನೇ ಸೆಕ್ಟರಿನ ವಿಳಾಸ ಬಂದ ಹೊತ್ತನ್ನು ಗುರುತು ಮಾಡಿಕೊಳ್ಳಿ. ಎರಡರಿಂದ ಮೂರಕ್ಕೆ 654 ಬೈಟ್, 20.9 ಮಿಲಿಸೆಕೆಂಡ್. ಮೂರರಿಂದ ನಾಲ್ಕಕ್ಕೆ 1054 ಬೈಟ್, 33.7 ಮಿಲಿಸೆಕೆಂಡ್.

ಈ ಸಂಖ್ಯೆಗಳನ್ನು ನೇರವಾಗಿ ಹೋಲಿಸಬೇಡಿ, ಹಳೆಯ ಡ್ರೈವುಗಳ ಮೋಟಾರ್ ವೇಗ ಒಂದೆರಡು ಶೇಕಡಾ ಆಚೀಚೆ ಇರುವುದು ಮಾಮೂಲು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 1.61 ಬರಬೇಕು, ಮೋಟಾರ್ ನಿಧಾನವಾದರೂ ಜೋರಾದರೂ ಭಾಗಲಬ್ಧ ಬದಲಾಗದು. 1.55ರಿಂದ 1.68ರವರೆಗೆ ಒಪ್ಪಿ. ಐದು ಸುತ್ತು ಅಳೆದು ನಡುವಿನ ಬೆಲೆ ತೆಗೆದುಕೊಂಡರೆ ನಡುವೆ ನುಗ್ಗುವ ಬೇರೆ ಇಂಟರಪ್ಟುಗಳ ತೊಂದರೆ ಕಳೆಯುತ್ತದೆ.

ಕಾಲಕ್ಕೆ ಪಿಸಿಯ 8253 ಟೈಮರ್ ಬಳಸುವಾಗ ಒಂದು ತೊಡಕು ಕಾದಿದೆ. ಅದು ಸೆಕೆಂಡಿಗೆ 11,93,182 ಸಲ ಎಣಿಸುತ್ತದೆ, 16 ಬಿಟ್ ತುಂಬಲು 54.9 ಮಿಲಿಸೆಕೆಂಡ್, ನಮ್ಮ 33.7 ಆರಾಮವಾಗಿ ಹಿಡಿಯಬೇಕು. ಆದರೆ ಬಯಾಸ್ ಸಾಮಾನ್ಯವಾಗಿ ಅದನ್ನು ಮೂರನೇ ವಿಧಾನದಲ್ಲಿ ಇಟ್ಟಿರುತ್ತದೆ. ಆ ವಿಧಾನದಲ್ಲಿ ಎಣಿಕೆ ಎರಡೆರಡಾಗಿ ಇಳಿದು 27.5 ಮಿಲಿಸೆಕೆಂಡಿಗೇ ಒಂದು ಸುತ್ತು ಮುಗಿಸುತ್ತದೆ. ಮೊದಲ ಅಂತರ ಸರಿ ಕಾಣುತ್ತದೆ, ಎರಡನೆಯದು ಅರ್ಥವಿಲ್ಲದ ಸಂಖ್ಯೆ. ಅಳತೆಗೆ ಮುಂಚೆ ಟೈಮರನ್ನು ಎರಡನೇ ವಿಧಾನಕ್ಕೆ ಬದಲಿಸಿ.

ಹೆಜ್ಜೆ 7: ತೀರ್ಪನ್ನು ಪ್ರೋಗ್ರಾಮಿಗೆ ಹೆಣೆಯುವುದು

ಇಷ್ಟೆಲ್ಲ ಮಾಡಿ ಕೊನೆಗೆ ಒಂದೇ ‘ಮೂಲವಾದರೆ ಮುಂದೆ ಹೋಗು’ ಎಂಬ ಜಿಗಿತದ ಮೇಲೆ ನಿಲ್ಲಿಸಿದರೆ, ಪ್ರೋಗ್ರಾಮಿನ ಒಂದು ಬೈಟನ್ನು ಹೆಕ್ಸ್ 74ರಿಂದ (ಷರತ್ತಿನ ಜಿಗಿತ) ಇಬಿಗೆ (ಷರತ್ತಿಲ್ಲದ ಜಿಗಿತ) ಬದಲಿಸಿದವನು ಎಲ್ಲವನ್ನೂ ದಾಟಿಬಿಡುತ್ತಾನೆ. ಮುಖ್ಯ ಭಾಗವೊಂದನ್ನು ಐದನೇ ಸೆಕ್ಟರಿನ 64 ಬೈಟಿನ ಕೀಯಿಂದ ಗೂಢಲಿಪಿ ಮಾಡಿಡಿ, ಕೀ ಫೈಲಿನಲ್ಲಿ ಎಲ್ಲೂ ಇರಬಾರದು. ಪರೀಕ್ಷೆಯ ಕೋಡ್ ಬದಲಾಗಿದೆಯೇ ಎಂದು ಇನ್ನೊಂದು ಕಡೆಯಿಂದ ಮೊತ್ತ ಹಾಕಿ ನೋಡಿ. ಗ್ಯಾಪಿನ ಪರೀಕ್ಷೆಯನ್ನು ತೂಗಾಡುವ ಬಿಟ್‌ನ ಪರೀಕ್ಷೆಯಿಂದ ದೂರ, ಬೇರೆ ಘಟ್ಟದಲ್ಲಿ ಇಡಿ. ಇವು ಕೆಲಸವನ್ನು ನಿಧಾನಗೊಳಿಸುತ್ತವೆ, ಅಸಾಧ್ಯ ಮಾಡುವುದಿಲ್ಲ.

ನಕಲು ಎಂದು ತೀರ್ಮಾನವಾದರೆ ಪ್ರೋಗ್ರಾಮ್ ಸ್ಪಷ್ಟವಾಗಿ ಹೇಳಿ ನಿಲ್ಲಬೇಕು. ಬಳಸುವವರ ಫೈಲ್ ಅಳಿಸುವುದು, ಲೆಕ್ಕವನ್ನು ಗುಟ್ಟಾಗಿ ತಪ್ಪಿಸುವುದು ಯಾವ ಕಾರಣಕ್ಕೂ ಬೇಡ. ನಿಮ್ಮ ಪರೀಕ್ಷೆ ಒಂದು ದಿನ ತಪ್ಪೇ ತಪ್ಪುತ್ತದೆ, ಆ ದಿನ ಡ್ರೈವಿನ ಮುಂದೆ ಕೂತಿರುವವರು ದುಡ್ಡು ಕೊಟ್ಟವರಾಗಿರಬಹುದು.

ಹೆಜ್ಜೆ 8: ಬೇರೆ ಬೇರೆ ಡ್ರೈವುಗಳಲ್ಲಿ ಪರೀಕ್ಷೆ

ಬರೆದ ಡ್ರೈವಿನಲ್ಲೇ ಓದಿ ತೃಪ್ತಿಪಡಬೇಡಿ. ಬೇರೆ ಬೇರೆ ತಯಾರಕರ, ಬೇರೆ ವಯಸ್ಸಿನ ಹತ್ತು ಡ್ರೈವಾದರೂ ಬೇಕು. ಪ್ರತಿಯೊಂದರಲ್ಲೂ ತಣ್ಣಗಿರುವಾಗ ಮತ್ತು ಒಂದು ಗಂಟೆ ಓಡಿದ ಮೇಲೆ, ಸಾವಿರ ಸಲ ಪರೀಕ್ಷೆ ಓಡಿಸಿ ಮೂರೂ ತೀರ್ಪಿನ ಎಣಿಕೆ ಬರೆದಿಡಿ.

ಸಾವಿರ ಏಕೆಂದರೆ ಲೆಕ್ಕ ನೋಡಿ. ಮೂಲ ಡಿಸ್ಕನ್ನು ನೂರಕ್ಕೊಮ್ಮೆ ತಪ್ಪಾಗಿ ತಳ್ಳಿಹಾಕುವ ಪರೀಕ್ಷೆ ಮೇಲ್ನೋಟಕ್ಕೆ ಒಳ್ಳೆಯದೇ. ಆದರೆ ದಿನಕ್ಕೊಮ್ಮೆ ಪ್ರೋಗ್ರಾಮ್ ತೆರೆಯುವವರು ನೂರು ದಿನದೊಳಗೆ ಒಮ್ಮೆಯಾದರೂ ಬಾಗಿಲಾಚೆ ನಿಲ್ಲುವ ಸಂಭವ ಶೇಕಡಾ 63. ಅದೇ ಪರೀಕ್ಷೆ ತಾನಾಗಿಯೇ ಮೂರು ಸಲ ಪ್ರಯತ್ನಿಸಿ, ಮೂರೂ ಸಲ ಸೋತರೆ ಮಾತ್ರ ತಳ್ಳಿಹಾಕಿದರೆ ಅದು ಹತ್ತು ಲಕ್ಷಕ್ಕೊಂದಕ್ಕೆ ಇಳಿಯುತ್ತದೆ, ಆದರೆ ಪ್ರತಿ ಸೋಲೂ ಬೇರೆ ಬೇರೆ ಕಾರಣದ್ದಾಗಿದ್ದರೆ ಮಾತ್ರ. ಒಂದೇ ಕೊಳಕು ಹೆಡ್ ಮೂರೂ ಸಲ ಅಡ್ಡ ಬರುತ್ತದೆ. ಅದಕ್ಕೇ ಪ್ರಯತ್ನಗಳ ನಡುವೆ ಹೆಡ್ಡನ್ನು 0ಗೆ ತಂದು ಮತ್ತೆ 40ಕ್ಕೆ ಕೊಂಡೊಯ್ಯಿರಿ.

ಒಂದು ಡ್ರೈವಿನಲ್ಲಿ ಮಾತ್ರ ಏನೂ ತೂಗಾಡದಿದ್ದರೆ ಜೋಡಿಗಳ ಹರವು ಸಾಲದು, 191–209ರ ಬದಲು 186–214ರಿಂದ ಶುರುಮಾಡಿ. ಆಗ 29 ಬೆಲೆಗಳು, ಒಂದೊಂದು ಮೂರು ಸಲ ಎಂದರೆ 87 ಜೋಡಿ, ಮಿಕ್ಕ 15 ಜೋಡಿ 200–200. ಎಲ್ಲ ಡ್ರೈವಿನಲ್ಲೂ 96ರ ನಂತರದ ಬೈಟುಗಳು ಸರಿದು ಬರುತ್ತಿದ್ದರೆ ಯಾವುದೋ ಜೋಡಿಯ ಮೊತ್ತ 400 ಇಲ್ಲ.

ಯುಎಸ್‌ಬಿ ಫ್ಲಾಪಿ ಡ್ರೈವಿನಲ್ಲಿ ಈ ಪರೀಕ್ಷೆ ನಡೆಯದು. ಅದರ ಒಳಗಿನ ಚಿಪ್ ಮಾಮೂಲಿ ಸೆಕ್ಟರುಗಳನ್ನು ಮಾತ್ರ ಕೊಡುತ್ತದೆ, 3ಎಫ್5 ಪೋರ್ಟಿನಲ್ಲಿ ಅಲ್ಲಿ ಯಾರೂ ಇಲ್ಲ. ವಿಂಡೋಸ್ ಎನ್‌ಟಿ ವಂಶದ ವ್ಯವಸ್ಥೆಗಳು ಪೋರ್ಟ್ ಮುಟ್ಟಲು ಬಿಡುವುದಿಲ್ಲ. ಇದನ್ನು ಪೆಟ್ಟಿಗೆಯ ಹೊರಗೇ ಅಚ್ಚುಹಾಕಿ, ಕೊಳ್ಳುವ ಮೊದಲೇ ಜನ ಓದುವಂತಿರಲಿ.

ಕೊಂಡವರ ಕೈಗೆ

ಪ್ರತಿ ಪೆಟ್ಟಿಗೆಯಲ್ಲಿ ಕೀ ಡಿಸ್ಕ್ ಎರಡು ಇರಲಿ. ಫ್ಲಾಪಿಯಲ್ಲಿ ಹೆಡ್ ಲೇಪನವನ್ನು ಉಜ್ಜಿಕೊಂಡೇ ಓದುತ್ತದೆ, ದಿನವೂ ಅದೇ ಟ್ರ್ಯಾಕ್ ಎಂಟು ಸಲ ಓದಿದರೆ ಅದು ಸವೆಯುವುದು ಖಚಿತ. ನಕಲು ಮಾಡಿಟ್ಟುಕೊಳ್ಳುವ ದಾರಿಯನ್ನು ನಾವೇ ಮುಚ್ಚಿರುವಾಗ ಎರಡನೇ ಪ್ರತಿ ಕೊಡುವುದು ನಮ್ಮ ಹೊಣೆ. ಹಾರ್ಡ್ ಡಿಸ್ಕಿಗೆ ಪ್ರೋಗ್ರಾಮ್ ಹಾಕಿಕೊಳ್ಳಲು ಬಿಡಿ, ಕೀ ಡಿಸ್ಕನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಕೇಳಿ, ನೋಡಿದ ಕೂಡಲೇ 3ಎಫ್2ಗೆ 12 ಬರೆದು ಮೋಟಾರ್ ನಿಲ್ಲಿಸಿ.

ಡಿಸ್ಕ್ ಕೆಟ್ಟಿತೆಂದು ಯಾರಾದರೂ ಹಿಂದಿರುಗಿಸಿದರೆ ಮೊದಲು ಹೊಸ ಡಿಸ್ಕ್ ಕಳಿಸಿ, ಪ್ರಶ್ನೆ ಆಮೇಲೆ ಕೇಳಿ. ಬಂದ ಡಿಸ್ಕನ್ನು ಗ್ರೀಸ್‌ವೀಝಲ್‌ನಲ್ಲಿ ಐದು ಸುತ್ತು ಓದಿಸಿ 81ನೇ ಟ್ರ್ಯಾಕನ್ನು ತೆರೆದು ನೋಡಿ. ಅಂತರಗಳು 160, 240, 320ರ ಸುತ್ತ ಗುಂಪಾಗಿದ್ದು 200ರ ಹತ್ತಿರ ಏನೂ ಇಲ್ಲದಿದ್ದರೆ ಅದು ನಕಲು. 200ರ ಗುಂಪು ಇದ್ದೂ ಹರಡಿಹೋಗಿದ್ದರೆ ಡಿಸ್ಕ್ ಸವೆದಿದೆ. 200ರ ಗುಂಪು ಚೊಕ್ಕವಾಗಿದ್ದರೆ ಡಿಸ್ಕಿನಲ್ಲಿ ತಪ್ಪಿಲ್ಲ, ಅವರ ಡ್ರೈವಿನ ಹೆಡ್ ಕೊಳೆಯಾಗಿದೆ ಅಥವಾ ಸರಿದಿದೆ. ಹಾಗೆಂದು ಅವರಿಗೆ ಬರೆದು ತಿಳಿಸಿ, ಡ್ರೈವಿನ ಮಾದರಿಯನ್ನು ಕೇಳಿ ನಿಮ್ಮ ಪರೀಕ್ಷೆಯ ಪಟ್ಟಿಗೆ ಸೇರಿಸಿಕೊಳ್ಳಿ.